ಮಂದ್ರಕ್ಕಿಳಿದ ತಂತಿ

ನುಡಿಸುವವರ ಕೈಯಲ್ಲಿರುವ ವಾದ್ಯಕ್ಕೆ ದುರಸ್ತಿ ಎಂದೂ ತಪ್ಪಿದ್ದಲ್ಲ. ವೀಣೆಯ ಮೆಟ್ಟಿಲುಗಳನ್ನು ಮೇಣದ ಮೇಲೆ ಕೂರಿಸಿರುತ್ತಾರೆ. ಕಾಲಕಾಲಕ್ಕೆ ಹಳೆಯ ಮೇಣವನ್ನು ತೆಗೆದು, ಹೊಸದನ್ನು ಹಾಕಿ, ಮೆಟ್ಟಿಲುಗಳನ್ನು ಕಿವಿಯ ಅಳತೆಯಿಂದಲೇ ಮತ್ತೆ ಜೋಡಿಸುತ್ತಾರೆ. ಇದಕ್ಕೆ ಮೇಳ ಕಟ್ಟುವುದು ಎಂದು ಹೆಸರು. ನಾಗಮಂಗಲ ತಾಲ್ಲೂಕಿನ ಆದಿಚುಂಚನಗಿರಿಗೆ ನಡೆದುಕೊಳ್ಳುವ ಜೋಗಿಗಳ ಕಿನ್ನರಿಯೂ ಹೀಗೆಯೇ. ಬಿದಿರಿನ ದಂಡಿ, ಅದರ ಕೆಳಗೆ ಮೂರು ಸೋರೆಬುರುಡೆ. ಒಂದು ಬುರುಡೆ ಒಡೆದರೆ ಇನ್ನೊಂದನ್ನು ಒಣಗಿಸಿ ಕಟ್ಟಬೇಕು, ಕಟ್ಟಿದ ಮೇಲೆ ದನಿಯನ್ನು ಹೊಸದಾಗಿ ಹುಡುಕಿಕೊಳ್ಳಬೇಕು. ವಾದ್ಯವನ್ನು ಬಿಚ್ಚಿ ಕಟ್ಟುವ ವಿದ್ಯೆ ನಮ್ಮ ಸೀಮೆಗೆ ಹೊಸದೇನೂ ಅಲ್ಲವೆಂದು ಮೊದಲೇ ಹೇಳಿಬಿಟ್ಟರೆ, ಕನ್ನಡ ಪಾಠ ಹೇಳಿಕೊಂಡಿದ್ದವನೊಬ್ಬ ವಿದ್ಯುತ್ ಗಿಟಾರಿನ ವಿಚಾರ ಎತ್ತಿದನೆಂದು ತಾವು ಹುಬ್ಬೇರಿಸಲಾರಿರಿ ಎಂದು ನಂಬಿದ್ದೇನೆ.

ನಾನು ಹೇಳಹೊರಟಿರುವುದು ಬ್ಯಾರಿಟೋನ್ ಗಿಟಾರ್ ಎಂಬ, ಸಾಮಾನ್ಯ ಗಿಟಾರಿಗಿಂತ ತಗ್ಗಿದ ದನಿಯ ವಾದ್ಯವನ್ನು ಕುರಿತು. ಅದರ ಬಿರಡೆ, ಕುದುರೆ, ಪಿಕಪ್ಪುಗಳನ್ನು ಬದಲಿಸಿದಾಗ ಏನಾಗುತ್ತದೆ ಎಂಬುದನ್ನು ಕುರಿತು. ಹೆಸರಿನಿಂದಲೇ ಪ್ರಾರಂಭಿಸುತ್ತೇನೆ, ಅದು ನನ್ನ ಕಸುಬಿನ ಚಾಳಿ. ಬ್ಯಾರಿಟೋನ್ ಎಂಬುದರ ಮೂಲ ಗ್ರೀಕ್ ಭಾಷೆಯಲ್ಲಿದೆ. ಅಲ್ಲಿ ‘ಬರುಸ್’ ಎಂದರೆ ಭಾರವಾದದ್ದು. ‘ತೊನೋಸ್’ ಎಂದರೆ ಬಿಗಿತ, ಬಿಗಿತದಿಂದ ಹುಟ್ಟುವ ಸ್ವರ. ಭಾಷಾಶಾಸ್ತ್ರಜ್ಞರು ಮೊದಲನೆಯದಕ್ಕೆ ಸಂಸ್ಕೃತದ ‘ಗುರು’ ಶಬ್ದವನ್ನೂ ಎರಡನೆಯದಕ್ಕೆ ಹಿಗ್ಗಿಸು, ಚಾಚು ಎಂಬರ್ಥದ ‘ತನ್’ ಧಾತುವನ್ನೂ ಜ್ಞಾತಿಗಳೆಂದು ತೋರಿಸಿದ್ದಾರೆ. ಆ ಧಾತುವಿನಿಂದಲೇ ತಂತು, ತಾನ, ತಂತ್ರೀ. ತಂತ್ರಿಯೇ ಕನ್ನಡದಲ್ಲಿ ತಂತಿ. ಹಾಗಾದರೆ ಬ್ಯಾರಿಟೋನನ್ನು ‘ಗುರುತಾನ’ ಎಂದು ಕರೆದರೆ ಅದು ಅನುವಾದವಾಗುವುದಕ್ಕಿಂತ ಹೆಚ್ಚಾಗಿ ನೆಂಟಸ್ತಿಕೆಯನ್ನು ನೆನಪಿಸಿದಂತಾಗುತ್ತದೆ. ಆದರೆ ಗಿಟಾರ್ ಎಂಬುದು ನಮ್ಮ ಸಿತಾರಿನಿಂದ ಬಂದದ್ದು ಎಂದು ಕೆಲವರು ಸಲೀಸಾಗಿ ಹೇಳಿಬಿಡುತ್ತಾರಲ್ಲ, ಅದು ನಿಲ್ಲುವ ಮಾತಲ್ಲ. ಸಿತಾರ್ ಪಾರಸಿಯ ಮೂರು ತಂತಿ ಎಂಬ ಮಾತಿನಿಂದ ಬಂದದ್ದು. ಗಿಟಾರ್ ಗ್ರೀಕರ ‘ಕಿಥಾರ’ದಿಂದ ಹೊರಟು ಸ್ಪೇನಿನ ದಾರಿಯಾಗಿ ಲೋಕಕ್ಕೆ ಬಂದದ್ದು.

ಈ ವಾದ್ಯದ ಪರಿಚಯ ನನಗಾದದ್ದು ಪಾಂಡವಪುರದ ಒಬ್ಬ ಹಳೆಯ ವಿದ್ಯಾರ್ಥಿಯಿಂದ. ಆತ ಆರ್ಕೆಸ್ಟ್ರಾ ತಂಡದಲ್ಲಿ ಗಿಟಾರ್ ನುಡಿಸುತ್ತಾನೆ. ಗಣಪತಿ ಹಬ್ಬ, ಊರಹಬ್ಬ, ಕೃಷ್ಣರಾಜಪೇಟೆ ಕಡೆಯ ಹೇಮಗಿರಿ ಜಾತ್ರೆ, ಶ್ರೀರಂಗಪಟ್ಟಣದ ದಸರಾ ಎಂದು ವರ್ಷದಲ್ಲಿ ಹಲವು ರಾತ್ರಿ ಈ ನಾಲ್ಕು ತಾಲ್ಲೂಕುಗಳಲ್ಲಿ ಸುತ್ತುವ ತಂಡ ಅದು. ಕೆಲವು ವರ್ಷಗಳಿಂದ ನಾಗಮಂಗಲ ಸೀಮೆಯ ಹಿರಿಯ ತತ್ತ್ವಪದಗಾರರೊಬ್ಬರು ಇವರ ಜೊತೆ ಹಾಡುತ್ತಿದ್ದಾರೆ. ವಯಸ್ಸು ಎಪ್ಪತ್ತು ದಾಟಿದೆ. ಹಾರ್ಮೋನಿಯಂ ಭಾಷೆಯಲ್ಲಿ ಹೇಳುವುದಾದರೆ ಅವರ ಷಡ್ಜ ಬಿಳಿ ಒಂದು, ಅಂದರೆ ಸೆಕೆಂಡಿಗೆ ಸುಮಾರು 131 ಕಂಪನಗಳು. ಪದದ ಕೊನೆಯಲ್ಲಿ ಅವರ ದನಿ ಮಂದ್ರಕ್ಕೆ ಇಳಿಯುತ್ತದೆ. ತತ್ತ್ವಪದದಲ್ಲಿ ಹೇಳಬೇಕಾದ ಮಾತು ಬಹಳ ಸಲ ಇರುವುದೂ ಆ ಇಳಿದ ಜಾಗದಲ್ಲಿಯೇ. ಗಾಯಕನು ಎಲ್ಲಿ ಇಳಿದರೂ ಅವನ ಕೆಳಗೆ ಮಂದ್ರ ಷಡ್ಜವೊಂದು ಹಾಸಿದಂತಿರಬೇಕು. ಅದಕ್ಕೆ ಬೇಕಾದದ್ದು ಸುಮಾರು 65 ಕಂಪನ. ಸಾಮಾನ್ಯ ಗಿಟಾರಿನ ಅತ್ಯಂತ ದಪ್ಪ ತಂತಿ 82ರಲ್ಲೇ ನಿಂತುಬಿಡುತ್ತದೆ. ಕೇಪೋ ಎಂಬ ಹಿಡಿಕೆಯನ್ನು ಗಿಟಾರಿನ ಕತ್ತಿಗೆ ಕಚ್ಚಿಸಿ ಶ್ರುತಿಯನ್ನು ಏರಿಸಬಹುದು; ಇಳಿಸುವ ಕೇಪೋ ಇಲ್ಲ. ಒಮ್ಮೆ ಆ ಹಿರಿಯರು ಹುಡುಗನಿಗೆ ಹೇಳಿದರಂತೆ: “ನಿನ್ ತಂತಿ ಅಲ್ಲೇ ನಿಂತ್ಕತದೆ ಕನ ಮಗ, ನಾನೊಬ್ನೆ ಕೆಳೀಕ್ ಇಳೀಬೇಕು.” ಆ ಮಾತು ಅವನನ್ನು ಚುಚ್ಚಿತು. ಶ್ರುತಿಯನ್ನು ಏರಿಸಿಕೊಂಡು ಹಾಡಿ ಎಂದು ಗಾಯಕರಿಗೆ ಹೇಳುವುದು ಸುಲಭವಾಗಿತ್ತು. ಎಷ್ಟೋ ತಂಡಗಳಲ್ಲಿ ನಡೆಯುವುದೂ ಅದೇ. ಆದರೆ ಎಪ್ಪತ್ತರ ಕಂಠವನ್ನು ವಾದ್ಯದ ಅಳತೆಗೆ ಎಳೆದರೆ ಒಂದೆರಡು ವರ್ಷದಲ್ಲಿ ಅದು ನಿಂತೇ ಹೋದೀತು. ವಾದ್ಯವೇ ಇಳಿಯಬೇಕೆಂದು ಅವನು ನಿಶ್ಚಯಿಸಿದ.

ತಂತಿಯನ್ನು ಸಡಿಲಿಸಿದರೆ ಸಾಲದೆ ಎಂದು ತಾವು ಕೇಳಬಹುದು. ಫ್ರಾನ್ಸಿನ ಮೆರ್ಸೆನ್ ಎಂಬ ಪಾದ್ರಿ 1636ರಲ್ಲಿಯೇ ಇದರ ಲೆಕ್ಕವನ್ನು ಬರೆದಿಟ್ಟಿದ್ದಾನೆ. ತಂತಿಯ ಸ್ವರವನ್ನು ನಿರ್ಣಯಿಸುವುದು ಉದ್ದ, ಬಿಗಿ, ತೂಕ ಎಂಬ ಮೂರೇ ಸಂಗತಿಗಳು. 82 ಕಂಪನದ ತಂತಿಯನ್ನು ಬಿಗಿ ತಗ್ಗಿಸಿಯೇ 65ಕ್ಕೆ ತರುವುದಾದರೆ ಮೊದಲಿದ್ದ ಬಿಗಿಯಲ್ಲಿ ನೂರಕ್ಕೆ 63 ಪಾಲು ಮಾತ್ರ ಉಳಿಯುತ್ತದೆ. ಆಗ ತಂತಿ ಹಗ್ಗದಂತೆ ಜೋಲುತ್ತದೆ, ಮೆಟ್ಟಿಲಿಗೆ ಬಡಿದು ಕಟಕಟನೆನ್ನುತ್ತದೆ, ಬೆರಳಿಟ್ಟೊಡನೆ ಸ್ವರ ಮೇಲಕ್ಕೆ ಜಾರುತ್ತದೆ. ಉದ್ದವನ್ನೇ ಹೆಚ್ಚಿಸುವುದಾದರೆ ಇಪ್ಪತ್ತೈದೂವರೆ ಅಂಗುಲದ ತಂತಿ 32 ಅಂಗುಲವಾಗಬೇಕು. ಬೆರಳುಗಳು ಅಷ್ಟು ಅಗಲಕ್ಕೆ ಚಾಚಲಾರವು. ತೂಕವನ್ನೇ ಹೆಚ್ಚಿಸುವುದಾದರೆ ಅಂಗುಲದ ಸಾವಿರದಲ್ಲಿ 46 ಪಾಲು ದಪ್ಪವಿದ್ದ ತಂತಿ 58 ಆಗಬೇಕು. ಗಿಡ್ಡ ಉದ್ದದಲ್ಲಿ ಅಷ್ಟು ದಪ್ಪನೆಯ ತಂತಿ ಸಲಾಕೆಯ ಸ್ವಭಾವವನ್ನು ತಾಳಿ ಮಂಕಾಗುತ್ತದೆ. ಬ್ಯಾರಿಟೋನ್ ಗಿಟಾರ್ ಈ ಮೂರರ ನಡುವಣ ರಾಜಿ. ಸಾಮಾನ್ಯವಾಗಿ ಅದರ ತಂತಿಯ ಉದ್ದ 27ರಿಂದ 30 ಅಂಗುಲ. ಅಮೆರಿಕದ ಡ್ಯಾನ್‌ಎಲೆಕ್ಟ್ರೋ ಕಂಪನಿ 1950ರ ದಶಕದ ಉತ್ತರಾರ್ಧದಲ್ಲಿ ಈ ಜಾತಿಯ ತಗ್ಗುದನಿಯ ವಿದ್ಯುತ್ ಗಿಟಾರುಗಳನ್ನು ಮಾರುಕಟ್ಟೆಗೆ ತಂದಿತು. ನಮ್ಮ ಹುಡುಗನಿಗೆ ಬೆಂಗಳೂರಿನಲ್ಲಿ ಯಾರೋ ಬಳಸಿ ಬಿಟ್ಟ 27 ಅಂಗುಲದ್ದೊಂದು ಅಗ್ಗಕ್ಕೆ ಸಿಕ್ಕಿತು. ಮರ ಗಟ್ಟಿಯಾಗಿತ್ತು, ಕತ್ತು ನೇರವಾಗಿತ್ತು. ಉಳಿದದ್ದೆಲ್ಲ ಸವೆದು ಕೂತಿತ್ತು. ಕೆಲಸ ಪ್ರಾರಂಭವಾದದ್ದು ಅಲ್ಲಿಂದ.

ಇಲ್ಲಿ ಪಿಟೀಲು ಚೌಡಯ್ಯನವರನ್ನು ನೆನೆಯದೆ ಮುಂದೆ ಹೋಗಲಾರೆ. ಶ್ರೀರಂಗಪಟ್ಟಣದಿಂದ ಕಾವೇರಿಯ ಹರಿವಿನೊಡನೆ ಕೆಳಕ್ಕೆ ಹೋದರೆ, ಕಪಿಲೆ ಬಂದು ಸೇರುವ ತಿರುಮಕೂಡಲು ನರಸೀಪುರ ಅವರ ಊರು. ಬಿಡಾರಂ ಕೃಷ್ಣಪ್ಪನವರ ಶಿಷ್ಯರು. ಧ್ವನಿವರ್ಧಕವಿಲ್ಲದ ಆ ಕಾಲದ ದೊಡ್ಡ ಸಭೆಗಳಲ್ಲಿ ಪಿಟೀಲಿನ ದನಿ ಹಿಂದಿನ ಸಾಲುಗಳಿಗೆ ಮುಟ್ಟುತ್ತಿರಲಿಲ್ಲ. ಅವರು 1927ರಲ್ಲಿ ನಾಲ್ಕು ತಂತಿಯ ಪಿಟೀಲಿಗೆ ಇನ್ನೂ ಮೂರು ತಂತಿಗಳನ್ನು ಜೊತೆಗೂಡಿಸಿ ಏಳು ತಂತಿಯ ಪಿಟೀಲನ್ನು ಬಳಕೆಗೆ ತಂದರು. ಕೇಳಿದವರಿಗೆ ಇದು ಬರಿಯ ಕೂಡಿಸುವ ಲೆಕ್ಕವೆಂದು ತೋರಬಹುದು. ಮೂರು ತಂತಿ ಹೆಚ್ಚಿದರೆ ಮೂರು ಬಿರಡೆ ಹೆಚ್ಚಬೇಕು. ಬಿರಡೆಗೆ ಜಾಗ ಬೇಕು. ಕುದುರೆಯ ಮೇಲೆ ಹೊಸ ಗೀರುಗಳು ಬೇಕು. ಆ ತಂತಿಗಳ ಬಿಗಿಯೆಲ್ಲ ಕುದುರೆಯ ಮೂಲಕ ಪಿಟೀಲಿನ ತೆಳುವಾದ ಎದೆಯನ್ನು ಅದುಮುತ್ತದೆ. ಕಮಾನು ಒಂದೇ ಎಳೆತದಲ್ಲಿ ಜೋಡಿ ತಂತಿಗಳನ್ನು ಸಮವಾಗಿ ಮುಟ್ಟಬೇಕು, ಬೆರಳು ಎರಡನ್ನೂ ಒಟ್ಟಿಗೆ ಒತ್ತಬೇಕು. ಒಂದು ಕಡೆ ಕೈಯಿಟ್ಟರೆ ಹತ್ತು ಕಡೆ ಸರಿಪಡಿಸಬೇಕಾಗುತ್ತದೆ. ಧ್ವನಿವರ್ಧಕಗಳು ಬಂದ ಮೇಲೂ ಅವರು ಏಳು ತಂತಿಗಳನ್ನು ಬಿಡಲಿಲ್ಲ. ಗಟ್ಟಿ ದನಿಗಾಗಿ ಮಾಡಿದ ಮಾರ್ಪಾಡು ಅಷ್ಟು ಹೊತ್ತಿಗೆ ಅವರ ಸ್ವಂತ ದನಿಯೇ ಆಗಿಬಿಟ್ಟಿತ್ತು. ಅವರು ತೀರಿಕೊಂಡದ್ದು 1967ರಲ್ಲಿ. ಬೆಂಗಳೂರಿನಲ್ಲಿ ಅವರ ಹೆಸರಿನ ಪಿಟೀಲಿನ ಆಕಾರದ ಭವನವನ್ನು ತಾವೆಲ್ಲ ನೋಡಿಯೇ ಇರುತ್ತೀರಿ.

ಗಿಟಾರಿನ ಕೆಲಸ ನಡೆದದ್ದು ಮೈಸೂರಿನ ಒಂದು ಸಣ್ಣ ರಿಪೇರಿ ಅಂಗಡಿಯಲ್ಲಿ. ನಿವೃತ್ತನಾದ ನನಗೆ ಹೊತ್ತು ಧಾರಾಳವಾಗಿದ್ದುದರಿಂದ ಎರಡು ದಿನ ಪಕ್ಕದಲ್ಲೇ ಸ್ಟೂಲು ಹಾಕಿಕೊಂಡು ಕುಳಿತಿದ್ದೆ. ಮೊದಲು ಬಿರಡೆಗಳು. ಪಿಟೀಲಿನಲ್ಲಿ, ವೀಣೆಯಲ್ಲಿ ಬಿರಡೆ ಮರದ ತೂತಿನಲ್ಲಿ ಬಿಗಿಯಾಗಿ ಕಚ್ಚಿಕೊಂಡು ನಿಲ್ಲಬೇಕು. ಜಾರಿದರೆ ಸೀಮೆಸುಣ್ಣದ ಪುಡಿ ಹಚ್ಚುತ್ತೇವೆ. ಗಿಟಾರಿನಲ್ಲಿ ಅದಕ್ಕೆ ಹಲ್ಲಿನ ಚಕ್ರವೂ ಸುರುಳಿ ಹುರಿಯ ಒಂದು ತಿರುಪೂ ಉಂಟು. ಹೊಸ ಬಿರಡೆಯ ಹಿಡಿಯನ್ನು ಹದಿನೆಂಟು ಸುತ್ತು ತಿರುಗಿಸಿದರೆ ತಂತಿ ಸುತ್ತಿದ ಗೂಟ ಒಂದು ಸುತ್ತು ತಿರುಗುತ್ತದೆ. ಕೈ ತಿರುಪನ್ನು ತಿರುಗಿಸಬಲ್ಲದೇ ಹೊರತು ತಂತಿಯ ಎಳೆತ ಅದನ್ನು ಹಿಂದಕ್ಕೆ ತಿರುಗಿಸಲಾರದು. ಗೂಟದ ತೂತು ದಪ್ಪ ತಂತಿಗೆ ಸಾಲುತ್ತದೆಯೆ ಎಂಬುದನ್ನು ಕೊಳ್ಳುವ ಮೊದಲೇ ನೋಡಬೇಕು. ಆಮೇಲೆ ಕತ್ತಿನ ಮೇಲ್ತುದಿಯಲ್ಲಿ ತಂತಿಗಳು ಹಾದುಹೋಗುವ ಪುಟ್ಟ ಮೂಳೆಯ ಪಟ್ಟಿ. ಅದರ ಗೀರು ಇಕ್ಕಟ್ಟಾಗಿದ್ದರೆ ತಂತಿ ಅಲ್ಲಿ ಸಿಕ್ಕಿಕೊಂಡು, ಬಿರಡೆ ತಿರುಗಿಸಿದಷ್ಟೂ ಸುಮ್ಮನಿದ್ದು, ಇದ್ದಕ್ಕಿದ್ದಂತೆ ‘ಟಿಕ್’ ಎಂದು ನೆಗೆಯುತ್ತದೆ. ಶ್ರುತಿ ನಿಲ್ಲದ ಎಷ್ಟೋ ಗಿಟಾರುಗಳಲ್ಲಿ ಬೈಗುಳ ತಿನ್ನುವುದು ಬಿರಡೆ, ತಪ್ಪು ಈ ಗೀರಿನದು. ಅಂಗಡಿಯಾತ ಸಣ್ಣ ಅರದಿಂದ ಒಂದೊಂದೇ ಎಳೆತ ಎಳೆಯುತ್ತ, ತಂತಿಯನ್ನು ಕೂರಿಸಿ ನೋಡುತ್ತ ಅರ್ಧ ದಿನ ಕಳೆದ. ಗೀರು ಒಂದು ಕೂದಲೆಳೆ ಹೆಚ್ಚು ಆಳವಾದರೂ ಪಟ್ಟಿಯನ್ನೇ ಬಿಸಾಡಬೇಕಾಗುತ್ತದೆ.

ಕುದುರೆಯ ವಿಚಾರ ಇನ್ನೂ ಸೂಕ್ಷ್ಮ. ಹನ್ನೆರಡನೆಯ ಮೆಟ್ಟಿಲು ತಂತಿಯನ್ನು ಸರಿಯಾಗಿ ಎರಡು ಭಾಗ ಮಾಡುತ್ತದೆ. ಅಲ್ಲಿ ಒತ್ತಿ ಮೀಟಿದರೆ ಮೇಲಿನ ಸ್ಥಾಯಿಯ ಅದೇ ಸ್ವರ ಬರಬೇಕು. ಆದರೆ ಒತ್ತುವಾಗ ತಂತಿ ಕೊಂಚ ಹಿಗ್ಗುತ್ತದೆ, ದಪ್ಪ ತಂತಿಗೆ ಸೆಡವೂ ಹೆಚ್ಚು. ಇದರಿಂದ ಸ್ವರ ಸ್ವಲ್ಪ ಏರಿ ಕೇಳುತ್ತದೆ. ಹೊಸ ಕುದುರೆಯಲ್ಲಿ ಆರು ತಂತಿಗೂ ಬೇರೆಬೇರೆ ದಿಂಬುಗಳಿವೆ. ಅವನ್ನು ಒಂದೊಂದಾಗಿ ಹಿಂದಕ್ಕೆ ಸರಿಸಿ ಆ ತಪ್ಪನ್ನು ತೀರಿಸುತ್ತಾರೆ. ದಪ್ಪ ತಂತಿಯ ದಿಂಬು ಎಲ್ಲಕ್ಕಿಂತ ಹಿಂದೆ ಹೋಗಿ ನಿಂತಿತು. ಮೇಳ ಕಟ್ಟುವವರು ಮೆಟ್ಟಿಲನ್ನು ಸರಿಸಿ ಮಾಡುವ ಕೆಲಸವನ್ನು ಇಲ್ಲಿ ಕುದುರೆಯನ್ನು ಸರಿಸಿ ಮಾಡುತ್ತಾರೆ.

ಇನ್ನು ಪಿಕಪ್. ಒಂದು ಅಯಸ್ಕಾಂತ, ಅದರ ಸುತ್ತ ಕೂದಲಿನಷ್ಟು ತೆಳುವಾದ ತಾಮ್ರದ ತಂತಿಯ ಸಾವಿರಾರು ಸುತ್ತು, ಇಷ್ಟೇ. ಅಯಸ್ಕಾಂತದೆದುರು ಉಕ್ಕಿನ ತಂತಿ ಅಲುಗಿದರೆ ಸುರುಳಿಯಲ್ಲಿ ವಿದ್ಯುತ್ತು ಹುಟ್ಟುತ್ತದೆ. ಫ್ಯಾರಡೆ 1831ರಲ್ಲಿ ಕಂಡುಕೊಂಡ ಈ ತತ್ತ್ವವನ್ನು ಗಿಟಾರಿಗೆ ಅಳವಡಿಸಿದ್ದು ನೂರು ವರ್ಷದ ಮೇಲೆ, 1930ರ ದಶಕದ ಆರಂಭದಲ್ಲಿ. ಪಿಕಪ್ಪು ಕೇಳುವುದು ಗಾಳಿಯ ಸದ್ದನ್ನಲ್ಲ, ಉಕ್ಕಿನ ಚಲನೆಯನ್ನು. ಹಿತ್ತಾಳೆಯ ತಂತಿಗೆ ಅದು ಕಿವುಡು. ವೀಣೆಗೆ ಕೆಲವರು ಅಂಟಿಸಿಕೊಳ್ಳುವ ಸಂಪರ್ಕ ಮೈಕು ಬೇರೆ ಜಾತಿಯದು. ಅದು ಮರದ ನಡುಕವನ್ನು ಹಿಡಿಯುತ್ತದೆ.

ಇಂಥ ಸುರುಳಿಗೆ ಒಂದು ದುರ್ಗುಣವಿದೆ. ತಂತಿಯನ್ನು ಕೇಳುವಂತೆಯೇ ಅದು ಸುತ್ತಮುತ್ತಲಿನ ವಿದ್ಯುತ್ ವೈರು, ದೀಪದ ಸರ, ಟ್ರಾನ್ಸ್‌ಫಾರ್ಮರುಗಳ ಗುಂಯ್‌ಗುಡುವಿಕೆಯನ್ನೂ ಕೇಳುತ್ತದೆ. ನಮ್ಮ ದೇಶದ ವಿದ್ಯುತ್ತು ಸೆಕೆಂಡಿಗೆ 50 ಆವರ್ತದ್ದು; ಅದರ ಗುಂಯ್‌ಕಾರದಲ್ಲಿ 50ರ ಜೊತೆಗೆ ಅದರ ಇಮ್ಮಡಿಯಾದ 100 ಸಹ ಇರುತ್ತದೆ. ಈಗ ನಮ್ಮ ಗಾಯಕರ ಶ್ರುತಿಯನ್ನು ನೆನೆಸಿಕೊಳ್ಳಿ. ಷಡ್ಜ 131 ಆದರೆ ಮಂದ್ರ ಪಂಚಮ 98. ತಂಬೂರಿಯ ಮೊದಲ ತಂತಿಯನ್ನು ನಾವು ಕೂಡಿಸುವುದು ಅದೇ ಪಂಚಮಕ್ಕೆ. ಅಂದರೆ ಚಪ್ಪರದ ವಿದ್ಯುತ್ತು ಇಡೀ ರಾತ್ರಿ ಅವರ ಪಕ್ಕದಲ್ಲಿ ಕುಳಿತು, ಎರಡೇ ಕಂಪನ ಏರಿದ, ಕೂಡದ ಪಂಚಮದ ತಂತಿಯನ್ನು ಮೀಟುತ್ತಿರುತ್ತದೆ! ಜನರೇಟರ್ ಹಚ್ಚಿದರಂತೂ ಅದರ ವೇಗ ಏರಿಳಿದಂತೆ ಆ ಪಂಚಮವೂ ಏರಿಳಿಯುತ್ತದೆ. ತೆಳುದನಿಯ ಗಿಟಾರಿನಲ್ಲಿ ತಗ್ಗಿನ ಸ್ವರಗಳನ್ನು ಕತ್ತರಿಸಿ ಇದನ್ನು ಅಡಗಿಸಬಹುದು. ಬ್ಯಾರಿಟೋನಿನ ಮನೆಯೇ ಆ ತಗ್ಗಿನಲ್ಲಿರುವುದರಿಂದ ಆ ಉಪಾಯ ನಡೆಯುವುದಿಲ್ಲ.

ಇದಕ್ಕೆ ಮದ್ದನ್ನು ಕಂಡುಹಿಡಿದವರಲ್ಲಿ ಗಿಬ್ಸನ್ ಕಂಪನಿಯ ಸೇತ್ ಲವರ್ ಹೆಸರಾದವನು. 1955ರಲ್ಲಿ ಅವನು ಪೇಟೆಂಟಿಗೆ ಅರ್ಜಿ ಹಾಕಿದ. ಅಕ್ಕಪಕ್ಕದಲ್ಲಿ ಎರಡು ಸುರುಳಿ. ಒಂದರ ಸುತ್ತು ಇನ್ನೊಂದಕ್ಕೆ ವಿರುದ್ಧ, ಅಯಸ್ಕಾಂತದ ಮುಖವೂ ವಿರುದ್ಧ. ತಂತಿಯ ಸ್ವರ ಎರಡು ಸಲ ತಿರುವುಮುರುವಾಗಿ ಕೂಡಿಕೊಳ್ಳುತ್ತದೆ. ಹೊರಗಿನಿಂದ ಬಂದ ಗುಂಯ್‌ಕಾರಕ್ಕೆ ಅಯಸ್ಕಾಂತದ ಹಂಗಿಲ್ಲವಾದ್ದರಿಂದ ಅದು ಒಂದೇ ಸಲ ತಿರುವಾಗಿ ತನ್ನನ್ನು ತಾನೇ ಕಳೆದುಕೊಳ್ಳುತ್ತದೆ. ಇದಕ್ಕೆ ಹಂಬಕರ್ ಎಂದು ಹೆಸರು. ಯುಕ್ತಿಯೆಂದರೆ ಇದು ಎಂದು ನನಗನ್ನಿಸಿತು.

ಆದರೆ ಹುಡುಗನ ಗಿಟಾರಿನಲ್ಲಿದ್ದುದು ಒಂಟಿ ಸುರುಳಿಯ ಪಿಕಪ್ಪುಗಳು. ಅಗಲವಾದ ಹಂಬಕರ್ ಕೂರಬೇಕಾದರೆ ಮರವನ್ನು ಉಳಿಯಿಂದ ಕೆತ್ತಬೇಕು. ಅಂಗಡಿಯಾತ ಉಳಿಯನ್ನು ಕೈಗೆತ್ತಿಕೊಂಡೂ ಆಗಿತ್ತು. ಹುಡುಗ ತಡೆದ. ತಿರುಪು ಬಿಚ್ಚಿದ್ದನ್ನು ಮತ್ತೆ ಹಾಕಬಹುದು, ಬೆಸುಗೆ ಬಿಟ್ಟಿದ್ದನ್ನು ಮತ್ತೆ ಬೆಸೆಯಬಹುದು, ಕೆತ್ತಿದ ಮರ ಮಾತ್ರ ಹಿಂದಕ್ಕೆ ಬರುವುದಿಲ್ಲ ಎಂಬುದು ಅವನ ವಾದ. ನನಗದು ಒಪ್ಪಿಗೆಯಾಯಿತು. ಶ್ರೀರಂಗಪಟ್ಟಣದ ಟಿಪ್ಪುವಿನ ಅರಮನೆಯಿಂದ 1799ರಲ್ಲಿ ಇಂಗ್ಲಿಷರು ಹೊತ್ತೊಯ್ದ ಮರದ ಹುಲಿಯ ಹೊಟ್ಟೆಯಲ್ಲಿ ಒಂದು ಪುಟ್ಟ ಆರ್ಗನ್ ವಾದ್ಯವಿದೆಯೆಂಬುದು ತಮಗೆ ತಿಳಿದೇ ಇದೆ. ಲಂಡನ್ನಿನಲ್ಲಿದ್ದ ಅದು ಎರಡನೆಯ ಮಹಾಯುದ್ಧದ ಬಾಂಬು ದಾಳಿಯಲ್ಲಿ ಒಡೆದು ಚೂರಾಗಿ, ಆಮೇಲೆ ಕೂಡಿಸಲ್ಪಟ್ಟಿತು. ಇಂದು ಅದು ಹೊರಡಿಸುವ ಸದ್ದು ಟಿಪ್ಪು ಕೇಳಿದ ಸದ್ದೇ ಎಂದು ಆಣೆಯಿಟ್ಟು ಹೇಳುವವರಾರು? ಒಂಟಿ ಸುರುಳಿಯ ಗಾತ್ರದಲ್ಲೇ ಎರಡು ಸಣ್ಣ ಸುರುಳಿಗಳನ್ನು ಒತ್ತಾಗಿ ಕೂರಿಸಿದ ಹಂಬಕರುಗಳೂ ಸಿಗುತ್ತವೆ. ಅವನ್ನೇ ತರಿಸಿದರು. ಉಳಿ ಡಬ್ಬಕ್ಕೆ ಮರಳಿತು.

ಆಯ್ಕೆಯಲ್ಲಿ ಇನ್ನೊಂದು ವಿವೇಕ ಬೇಕಾಯಿತು. ಸುತ್ತು ಹೆಚ್ಚಿದಷ್ಟೂ ಪಿಕಪ್ಪಿನ ದನಿ ಜೋರಾಗುತ್ತದೆ, ಜೊತೆಗೆ ಮೇಲಿನ ಸ್ವರಾಂಶಗಳು ಮಸುಕಾಗುತ್ತವೆ. ಅಂಗಡಿಗಳಲ್ಲಿ ಹೆಚ್ಚಾಗಿ ಹೊಗಳುವುದು ಜೋರಿನ ಪಿಕಪ್ಪನ್ನೇ. ತಗ್ಗುದನಿಯ ವಾದ್ಯಕ್ಕೆ ಅದು ಕೆಸರು ಮೆತ್ತಿದಂತೆ. ಜಾತ್ರೆಗಳಲ್ಲಿ ಕಂಬಕ್ಕೆ ಕಟ್ಟುವ ತುತ್ತೂರಿ ಸ್ಪೀಕರುಗಳು 65 ಕಂಪನದ ಸ್ವರವನ್ನು ಹೊರಡಿಸಲಾರವು. ಆದರೂ ನಮಗೆ ಆ ಸ್ವರ ಕೇಳಿಸುತ್ತದೆ! ಕಾರಣವೇನೆಂದರೆ ಒಂದು ತಂತಿ ಮಿಡಿದಾಗ ಮೂಲಸ್ವರದೊಡನೆ ಅದರ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು ಕಂಪನದ ಸ್ವರಾಂಶಗಳೂ ಏಳುತ್ತವೆ. ಅವು ಸ್ಪಷ್ಟವಾಗಿ ಕಿವಿಗೆ ಮುಟ್ಟಿದರೆ ಇಲ್ಲದ ಮೂಲಸ್ವರವನ್ನು ನಮ್ಮ ಮನಸ್ಸೇ ಕಲ್ಪಿಸಿಕೊಳ್ಳುತ್ತದೆ. ನಮ್ಮ ಅಲಂಕಾರಿಕರು ಧ್ವನಿ ಎಂದು ಕರೆದದ್ದನ್ನು ಇಲ್ಲಿ ನೆನೆದರೆ ನನ್ನನ್ನು ಕ್ಷಮಿಸಬೇಕು. ಹೇಳದೆ ಉಳಿದದ್ದು ಕೇಳಿಸುವ ಪವಾಡ ಎರಡು ಕಡೆಯೂ ಒಂದೇ. ಆದ್ದರಿಂದ ಕಡಿಮೆ ಸುತ್ತಿನ, ತಿಳಿಯಾದ ಪಿಕಪ್ಪನ್ನೇ ಆರಿಸಿದರು. ದಪ್ಪ ತಂತಿಗಳ ಕೆಳಗೆ ಅದನ್ನು ಕೊಂಚ ತಗ್ಗಿಸಿಯೂ ಇಟ್ಟರು. ಅಯಸ್ಕಾಂತ ತೀರ ಹತ್ತಿರವಿದ್ದರೆ ತಂತಿಯನ್ನು ತನ್ನತ್ತ ಎಳೆದು ಸ್ವರವನ್ನೇ ಅಲುಗಾಡಿಸುತ್ತದೆ.

56ರ ದಪ್ಪದ ತಂತಿಯನ್ನು ಕಟ್ಟಿ, 65 ಕಂಪನಕ್ಕೆ ಕೂಡಿಸಿ, ಪಾಂಡವಪುರದ ಮನೆಯಲ್ಲಿ ಮೊದಲ ಸಲ ನುಡಿಸಿದಾಗ ಹಾಡುಗಾರರೂ ಬಂದಿದ್ದರು. ಕಣ್ಣು ಮುಚ್ಚಿ ಕೇಳಿದರು. ಪದದ ಕೊನೆಗೆ ದನಿ ಇಳಿದಾಗ ತಂತಿಯೂ ಇಳಿಯಿತು. ಹಾಡು ನಿಂತ ಮೇಲೆ ಅವರು ಗಿಟಾರಿನ ಮೇಲೆ ಕೈಯಿಟ್ಟು ನೋಡಿ, “ಒಳಗೆ ಬುರುಡೆ ಇಲ್ವಾ?” ಎಂದು ಕೇಳಿದರು. ಇಲ್ಲವೆಂದಾಗ ನಂಬಲಿಲ್ಲ.

ಹೊಸ ತಂತಿಗಳು ಹಿಗ್ಗಿ ನಿಲ್ಲಲು ಕೆಲವು ದಿನ ಬೇಕು. ಅಲ್ಲಿಯವರೆಗೆ ಮತ್ತೆ ಮತ್ತೆ ಕೂಡಿಸುತ್ತಿರಬೇಕು. ಬಿಗಿ ಬದಲಾದಂತೆ ಕತ್ತಿನ ಮರ ಬಾಗುವುದುಂಟು. ಅದರೊಳಗಿರುವ ಉಕ್ಕಿನ ಸರಳನ್ನು ಕೀಲಿಯಿಂದ ಕಾಲು ಸುತ್ತು ತಿರುಗಿಸಿ, ಒಂದು ದಿನ ಬಿಟ್ಟು ನೋಡಬೇಕು. ಆಷಾಢದ ತೇವದಲ್ಲಿ ಒಮ್ಮೆ, ಬೇಸಿಗೆಯ ಒಣಹವೆಯಲ್ಲಿ ಇನ್ನೊಮ್ಮೆ ಈ ಕೆಲಸವಿದ್ದೇ ಇರುತ್ತದೆ. ಬಿಚ್ಚಿ ತೆಗೆದ ಹಳೆಯ ಬಿರಡೆ, ಕುದುರೆ, ಪಿಕಪ್ಪುಗಳನ್ನೆಲ್ಲ ಅವನು ಚೀಟಿ ಬರೆದು ಅಂಟಿಸಿ, ಒಂದು ಬಿಸ್ಕತ್ತಿನ ಡಬ್ಬದಲ್ಲಿ ಹಾಕಿ ಅಟ್ಟದ ಮೇಲಿಟ್ಟಿದ್ದಾನೆ.